ಕಾರ್ಡ್ ಕೊಡುವ ಪಾಠ ಸಾಕು, ಕರಾರು ಓದಿಸಿ

ಸಂಪಾದಕರೇ,

ಹುಬ್ಬಳ್ಳಿ-ಧಾರವಾಡದಲ್ಲಿ ರಫ್ತು ತರಬೇತಿ ಅಂತ ಹೋದರೆ ಅದೇ ಪಾಠ. ಜಪಾನಿನವರಿಗೆ ಎರಡೂ ಕೈಯಲ್ಲಿ ವಿಸಿಟಿಂಗ್ ಕಾರ್ಡ್ ಕೊಡಿ, ಜರ್ಮನಿಯವರ ಮೀಟಿಂಗಿಗೆ ತಡ ಮಾಡಬೇಡಿ, ಅರಬರಿಗೆ ಎಡಗೈಯಿಂದ ಏನೂ ಕೊಡಬೇಡಿ. ಎಡಗೈಯಿಂದ ಕೊಡಬಾರದು ಅಂತ ನಮಗೆ ಬೇರೆಯವರು ಕಲಿಸಬೇಕಾ?

ದುಡ್ಡು ಹೋಗುವುದು ಅಲ್ಲಲ್ಲ. ನಾನು ತಾರಿಹಾಳದ ಒಂದು ವಾಲ್ವ್ ಕಾರ್ಖಾನೆಯ ರಫ್ತು ಕಾಗದಪತ್ರ ನೋಡಿಕೊಳ್ಳುತ್ತೇನೆ. ದರ ಹೇಳಿದ ಮೇಲೆ ಜಪಾನಿನವರು ಸುಮ್ನೆ ಕೂರುತ್ತಾರೆ. ಹಾಳೆ ತಿರುವುತ್ತಾರೆ, ಪಕ್ಕದವರ ಜೊತೆ ಒಂದು ಮಾತು, ಮತ್ತೆ ಮೌನ. ಬ್ಯಾಡಗಿ ಎಪಿಎಂಸಿಯಲ್ಲಿ ಲಾಟಿಗೆ ಟೆಂಡರ್ ಬಿದ್ದ ದಿನವೇ ದರ ಗೊತ್ತಾಗುವ ಸೀಮೆಯವರು ನಾವು, ಆ ಮೌನ ತಡೆಯೋಕೆ ಆಗಲ್ಲ. "ಎರಡು ಪರ್ಸೆಂಟ್ ಬಿಡ್ತೀವಿ ಸರ್" ಅಂತ ಬಾಯಿಂದ ಬಂದೇಬಿಡುತ್ತೆ. ಅವರು ಕೇಳಿಯೇ ಇರಲಿಲ್ಲ! ಅವರ ದೊಡ್ಡ ಕಂಪನಿಗಳಲ್ಲಿ ಕಾಗದ ಒಂದೊಂದು ವಿಭಾಗದ ಮುದ್ರೆ ಹಾಕಿಸಿಕೊಂಡು ಮೇಲೆ ಹೋಗಬೇಕು, ಬಂದು ಕೂತವರು ಅಲ್ಲೇ ಹೂಂ ಅನ್ನುವುದು ಕಡಿಮೆ.

ಇನ್ನು ಡೆಲಿವರಿ. ಆರು ವಾರದಲ್ಲಿ ಆಗುತ್ತಾ ಅಂದರೆ ನಮ್ಮಲ್ಲಿ ಇಲ್ಲ ಅನ್ನೋಕೆ ಸಂಕೋಚ, ಆಗುತ್ತೆ ಸರ್ ಅಂತೀವಿ. ಆ ಮಾತು ಜರ್ಮನಿಯ ಗಿರಾಕಿಯ ಕರಾರಿನಲ್ಲಿ ತಾರೀಖಾಗಿ ಕೂರುತ್ತೆ, ಅದರ ಕೆಳಗೆ ವಾರಕ್ಕಿಷ್ಟು ದಂಡ. ಫೌಂಡ್ರಿಯಿಂದ ಕಾಸ್ಟಿಂಗ್ ಬರಲಿಲ್ಲ, ನಡುವೆ ಹಬ್ಬ ಬಂತು ಅಂತ ಆಮೇಲೆ ಫೋನ್ ಮಾಡಿದರೆ ನಯವಾಗಿಯೇ ಮಾತಾಡಿ, ಬಿಲ್ಲಿನಲ್ಲಿ ದಂಡ ಮುರಿದುಕೊಳ್ಳುತ್ತಾನೆ. ಇಷ್ಟು ವರ್ಷದ ಸಂಬಂಧ ಅಂತ ನಮ್ಮ ಮಾಲೀಕರಿಗೆ ಬೇಜಾರು. ಅವನ ಪ್ರಕಾರ ಸಂಬಂಧಕ್ಕೆ ಏನೂ ಆಗಿಲ್ಲ, ಮುಂದಿನ ಆರ್ಡರೂ ಕೊಡುತ್ತಾನೆ. ಚೀನಾದ ಕೆಲವರದು ಇದಕ್ಕೆ ಉಲ್ಟಾ, ಸಹಿ ಬಿದ್ದ ಮೇಲೂ ಪರಿಸ್ಥಿತಿ ಬದಲಾಯಿತು ಅಂತ ದರದ ಮಾತು ತೆಗೆಯುತ್ತಾರೆ.

ಎಲ್ಲಕ್ಕಿಂತ ದೊಡ್ಡ ಹೊಡೆತ ಕರಾರಿನ ಕೊನೆಯ ಪುಟಗಳಲ್ಲಿ. ಅದನ್ನು ಕೆದಕಿದರೆ ನಂಬಿಕೆ ಇಲ್ಲ ಅಂದುಕೊಂಡಾರು ಅಂತ ನಮ್ಮವರು ಓದದೆ ಸಹಿ ಹಾಕುತ್ತಾರೆ. ನಮ್ಮ 1872ರ ಕಾಂಟ್ರ್ಯಾಕ್ಟ್ ಕಾಯ್ದೆ ಇದೆಯಲ್ಲ ಅನ್ನುವ ಧೈರ್ಯ ಬೇರೆ. ಆದರೆ ದೇಶ ದೇಶಗಳ ನಡುವಿನ ಸರಕು ಮಾರಾಟದ ಬಗ್ಗೆ 1980ರಲ್ಲಿ ವಿಯೆನ್ನಾದಲ್ಲಿ ಆದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ ಸೇರಿಲ್ಲ, ಜರ್ಮನಿ ಸೇರಿದೆ. ಕರಾರಿನಲ್ಲಿ ಜರ್ಮನಿಯ ಕಾನೂನು ಅನ್ವಯ ಅಂತ ಒಂದು ಸಾಲು ಇದ್ದು, ಆ ಒಪ್ಪಂದ ಬೇಡ ಅಂತ ನಾವು ಬರೆಸದಿದ್ದರೆ ಸಾಮಾನ್ಯವಾಗಿ ಅದರ ನಿಯಮಗಳೇ ನಮ್ಮ ಮೇಲೆ ಬೀಳುತ್ತವೆ. ವ್ಯಾಜ್ಯ ಬಂದರೆ ಪಂಚಾಯ್ತಿ (ಕೋರ್ಟಿನ ಹೊರಗಿನ ಆರ್ಬಿಟ್ರೇಷನ್) ಸಿಂಗಪುರದಲ್ಲೋ ಲಂಡನ್ನಿನಲ್ಲೋ ಅಂತ ಇನ್ನೊಂದು ಸಾಲು. ಸಣ್ಣ ವರ್ಕ್‌ಶಾಪಿನವರು ಅಲ್ಲಿಗೆ ಹೋಗಿ ವಕೀಲರನ್ನು ಇಡೋಕೆ ಆಗುತ್ತಾ? ಹೋಗದೆ ಕೂತರೂ ಅಲ್ಲಿನ ತೀರ್ಪನ್ನು ಇಲ್ಲಿ ಜಾರಿ ಮಾಡಿಸಬಹುದು, ಹೊರದೇಶದ ಇಂಥ ಪಂಚಾಯ್ತಿ ತೀರ್ಪುಗಳನ್ನು ಜಾರಿ ಮಾಡುವ 1958ರ ನ್ಯೂಯಾರ್ಕ್ ಒಪ್ಪಂದಕ್ಕೆ ಭಾರತ ಸೇರಿದೆಯಲ್ಲ.

ಈ ಸಾಲು ಬದಲಿಸಿ, ದಂಡಕ್ಕೊಂದು ಮಿತಿ ಹಾಕಿ ಅಂತ ಕೇಳಿದರೆ ಹೊರಗಿನವರು ಸಿಟ್ಟಾಗಿದ್ದನ್ನು ನಾನಂತೂ ನೋಡಿಲ್ಲ. ಕೆಲವು ಸಲ ಒಪ್ಪಲ್ಲ, ಅಷ್ಟೇ.

ಇಲ್ಲಿನ ಉದ್ಯಮ ಸಂಘಗಳಿಗೆ ನನ್ನ ಮನವಿ ಇಷ್ಟು. ಹೆಸರು ಮುಚ್ಚಿದ ನಿಜವಾದ ಕರಾರೊಂದನ್ನು ಇಟ್ಟುಕೊಂಡು, ಕನ್ನಡದಲ್ಲೇ, ಸಾಲು ಸಾಲಾಗಿ ಓದಿಸಿ. ಇಲ್ಲಿನ ಗೋಕುಲ ರಸ್ತೆಯ ಕಾರ್ಖಾನೆಯವರಷ್ಟೇ ಅಲ್ಲ, ಗದಗ, ಬ್ಯಾಡಗಿ, ರಾಣೆಬೆನ್ನೂರಿನವರನ್ನೂ ಕರೆಯಿರಿ. ಕಾರ್ಡ್ ಕೊಡುವ ಪಾಠಕ್ಕೆ ಹತ್ತು ನಿಮಿಷ ಇಟ್ಟರೆ ಜಾಸ್ತಿಯಾಯಿತು.

– ಓದುಗ, ಹುಬ್ಬಳ್ಳಿ