ಗೆಳೆಯನಿಗೊಂದು ಪತ್ರ: ಮಠದ ಪುಸ್ತಕ ಕೊಟ್ಟಿಗೆಯಲ್ಲಿ ಶುರುವಾಗುತ್ತದೆ

ಪ್ರೀತಿಯ ಗೆಳೆಯಾ,

ಮಧ್ಯಯುಗದ ಯುರೋಪಿನ ಕ್ರೈಸ್ತ ಮಠಗಳಲ್ಲಿ ಸನ್ಯಾಸಿಗಳು ದಿನವಿಡೀ ಏನು ಮಾಡುತ್ತಿದ್ದರು ಎಂದು ಕೇಳಿದ್ದೆಯಲ್ಲ. ಪ್ರಾರ್ಥನೆ, ಅದು ಬಿಟ್ಟರೆ ಮೇಣದಬತ್ತಿಯ ಬೆಳಕಿನಲ್ಲಿ ಪುಸ್ತಕ ನಕಲು ಮಾಡುವುದು ಎಂದು ನೀನೇ ಊಹೆಯನ್ನೂ ಬರೆದಿದ್ದೆ. ನಕಲು ಮಾಡುತ್ತಿದ್ದುದು ನಿಜ, ಆದರೆ ಅದು ಬಹುಮಟ್ಟಿಗೆ ಹಗಲಿನ ಕೆಲಸ. ಬರೆಯಲು ಕೂರುವ ಮೊದಲೇ ಆ ಪುಸ್ತಕಕ್ಕಾಗಿ ಕೊಟ್ಟಿಗೆ, ಸುಣ್ಣದ ತೊಟ್ಟಿ, ಹರಿಯುವ ನೀರು ಎಲ್ಲವೂ ದುಡಿದಿರುತ್ತಿದ್ದವು.

ಮೊದಲು ಹೊತ್ತಿನ ಲೆಕ್ಕ ಹೇಳಿಬಿಡುತ್ತೇನೆ. 6ನೇ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟ್ ಬರೆದ 73 ಅಧ್ಯಾಯಗಳ ನಿಯಮ ಹೆಚ್ಚಿನ ಮಠಗಳಿಗೆ ಆಧಾರ. ಚಳಿಗಾಲದಲ್ಲಿ ರಾತ್ರಿಯ ಎಂಟನೇ ತಾಸಿಗೆ, ಅಂದರೆ ಹೆಚ್ಚುಕಡಿಮೆ ಎರಡು ಗಂಟೆಗೆ, ಎದ್ದು ಪ್ರಾರ್ಥನೆ. ಹಗಲಿನಲ್ಲಿ ಮತ್ತೆ ಏಳು ಸಲ. ಬೈಬಲಿನ 150 ಕೀರ್ತನೆಗಳೂ ವಾರದೊಳಗೆ ಒಂದು ಸುತ್ತು ಮುಗಿಯಬೇಕು. ಅಕ್ಟೋಬರ್ 1ರಿಂದ ತಪಸ್ಸುಕಾಲದವರೆಗೆ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳವರೆಗೆ, ಬೆಳಗಿನ ಎರಡು ತಾಸು ಓದು, ಅಲ್ಲಿಂದ ಒಂಬತ್ತನೇ ತಾಸಿನವರೆಗೆ ಕೆಲಸ. ಏಳು ತಾಸು ಸಿಗುತ್ತಿತ್ತಲ್ಲ ಅನ್ನಬೇಡ. ಅವರ ತಾಸೆಂದರೆ ಸೂರ್ಯ ಹುಟ್ಟಿ ಮುಳುಗುವವರೆಗಿನ ಹೊತ್ತಿನ ಹನ್ನೆರಡರಲ್ಲೊಂದು ಪಾಲು. ಇಂಗ್ಲೆಂಡಿನ ಉತ್ತರ ತುದಿಯ ಕಡೆ ಡಿಸೆಂಬರ್ ಕೊನೆಯಲ್ಲಿ ಹಗಲು ಏಳು ಗಂಟೆ ಚಿಲ್ಲರೆ ಅಷ್ಟೆ. ಒಂದು ತಾಸಿಗೆ ಸುಮಾರು 36 ನಿಮಿಷ ಬರುತ್ತದೆ. ಏಳು ತಾಸು ಸೇರಿದರೂ ನಾಲ್ಕು ಗಂಟೆಗಿಂತ ಚೂರು ಹೆಚ್ಚು, ಅದರ ನಡುವೆ ಮಧ್ಯಾಹ್ನದ ಪ್ರಾರ್ಥನೆ ಬೇರೆ. ಗಂಟೆ ಬಾರಿಸಿದ ಕೂಡಲೇ ಕೈಯಲ್ಲಿದ್ದುದನ್ನು ಹಾಗೇ ಬಿಟ್ಟು ಏಳಬೇಕೆಂಬುದು ನಿಯಮ. ಆ ಕಾಲದಲ್ಲಿ ಊಟವೂ ಒಂದೇ ಹೊತ್ತು, ಅದೂ ಒಂಬತ್ತನೇ ತಾಸು ಕಳೆದ ಮೇಲೆ: ದಿನಕ್ಕೆ ಒಂದು ಪೌಂಡ್ ರೊಟ್ಟಿ, ಬೇಯಿಸಿದ ಎರಡು ಪದಾರ್ಥ.

ಈಗ ತೊಗಲಿಗೆ ಬರೋಣ. ಅವರ ಪುಸ್ತಕದ ಹಾಳೆ ಕಾಗದವಲ್ಲ, ಪ್ರಾಣಿಯ ತೊಗಲು. ಇಂಗ್ಲೆಂಡಿನ ಅದೇ ಉತ್ತರ ಭಾಗದ ಜಾರೋ ಎಂಬ ಮಠದಲ್ಲಿ, ಅದರ ಅವಳಿಯಾದ ವೇರ್‌ಮೌತಿನಲ್ಲಿ, ಮಠಾಧಿಪತಿ ಚೇಲ್‌ಫ್ರಿತ್ 716ಕ್ಕೆ ಮೊದಲು ಮೂರು ಸಂಪೂರ್ಣ ಬೈಬಲ್ ಬರೆಸಿದ. ಒಂದು ಇಡಿಯಾಗಿ ಉಳಿದು ಈಗ ಫ್ಲಾರೆನ್ಸಿನಲ್ಲಿದೆ, ಕೋಡೆಕ್ಸ್ ಅಮಿಯಾಟಿನಸ್ ಅನ್ನುತ್ತಾರೆ. 1030 ಹಾಳೆ, ತೂಕ ಸುಮಾರು 34 ಕಿಲೋ. ಒಂದು ತೊಗಲಿಗೆ ಎರಡೇ ಹಾಳೆ. ಅಂದರೆ ಈ ಒಂದು ಪುಸ್ತಕಕ್ಕೆ 515 ತೊಗಲು, ಮೂರಕ್ಕೂ ಸೇರಿ ಒಂದೂವರೆ ಸಾವಿರಕ್ಕಿಂತ ಹೆಚ್ಚು. ಅಷ್ಟು ದನಕರು, ಅವಕ್ಕೆ ಹುಲ್ಲುಗಾವಲು, ಮೇಯಿಸುವ ಜನ, ಇದೆಲ್ಲ ಆ ಪುಸ್ತಕದ ಖರ್ಚಿನಲ್ಲೇ ಸೇರಿದ್ದು.

ಸುಲಿದ ತೊಗಲನ್ನು ಮೊದಲು ಹರಿಯುವ ನೀರಿನಲ್ಲಿ ತೊಳೆಯಬೇಕು. ಪ್ರಾಣಿಯ ರಕ್ತ ಪೂರ್ತಿ ಬಸಿದಿರದಿದ್ದರೆ ರಕ್ತನಾಳಗಳ ಕಪ್ಪು ಗೆರೆಗಳು ಹಾಳೆಯಲ್ಲಿ ಕೊನೆಯವರೆಗೂ ಕಾಣುತ್ತವೆ. ಆಮೇಲೆ ಸುಣ್ಣದ ನೀರಿನ ತೊಟ್ಟಿಯಲ್ಲಿ ಮೂರರಿಂದ ಹತ್ತು ದಿನ, ಚಳಿಯಲ್ಲಿ ಇನ್ನೂ ಹೆಚ್ಚು. ಮರದ ಕೋಲಿನಿಂದ ದಿನಕ್ಕೆ ನಾಲ್ಕಾರು ಸಲ ತಿರುವಬೇಕು. ಬೇಗ ತೆಗೆದರೆ ಕೂದಲು ಬಿಡುವುದಿಲ್ಲ, ಜಿಡ್ಡು ಉಳಿದು ಶಾಯಿ ಹಿಡಿಯುವುದಿಲ್ಲ. ಹೆಚ್ಚು ಬಿಟ್ಟರೆ ತೊಗಲೇ ಬಲ ಕಳೆದುಕೊಳ್ಳುತ್ತದೆ. ಹದ ಬಂದ ಮೇಲೆ ದಿಮ್ಮಿಯ ಮೇಲೆ ಹರವಿ ಎರಡು ಹಿಡಿಯ ಬಾಗಿದ ಕತ್ತಿಯಿಂದ ಕೂದಲು ಹೆರೆದು, ತಿರುವಿ ಹಾಕಿ ಒಳಮಗ್ಗುಲ ಮಾಂಸ ತೆಗೆದು, ಸುಣ್ಣ ಹೋಗುವಂತೆ ಮತ್ತೆರಡು ದಿನ ನೀರಿನಲ್ಲಿ.

ಮುಂದಿನದೇ ನಾಜೂಕಿನ ಕೆಲಸ. ಒದ್ದೆ ತೊಗಲನ್ನು ಮರದ ಚೌಕಟ್ಟಿಗೆ ಬಿಗಿಯಬೇಕು. ಅಂಚಿಗೆ ತೂತು ಹೊಡೆದು ದಾರ ಕಟ್ಟಿದರೆ ಎಳೆತಕ್ಕೆ ಹರಿದುಹೋಗುತ್ತದೆ. ಅದಕ್ಕೆ ಸಣ್ಣ ಬೆಣಚುಕಲ್ಲನ್ನು ಅಂಚಿನಲ್ಲಿಟ್ಟು, ತೊಗಲನ್ನು ಅದರ ಮೇಲೆ ಮಡಚಿ, ಆ ಗಂಟಿಗೆ ದಾರ ಸುತ್ತಿ ಚೌಕಟ್ಟಿನ ಗೂಟಕ್ಕೆ ಕಟ್ಟುತ್ತಿದ್ದರು. ಒಣಗುತ್ತ ಬಂದಂತೆ ಗೂಟಗಳನ್ನು ಒಂದೊಂದಾಗಿ ಚೂರುಚೂರೇ ತಿರುಗಿಸುತ್ತ, ಅರ್ಧಚಂದ್ರದ ಆಕಾರದ ಕತ್ತಿಯಿಂದ ಹೆರೆಯುತ್ತ ಹೋಗಬೇಕು. ಆ ಆಕಾರಕ್ಕೂ ಕಾರಣವಿದೆ: ನೇರ ಅಲಗಾದರೆ ಅದರ ಮೂಲೆ ತೊಗಲಿಗೆ ನಾಟುತ್ತದೆ. ನಾಟಿತೋ, ಸಾಸಿವೆಯಷ್ಟು ಗಾಯ ಎಳೆತಕ್ಕೆ ಅಗಲವಾಗಿ ದುಂಡನೆಯ ತೂತಾಗುತ್ತದೆ. ಕಂಡೊಡನೆ ಹೊಲಿದರೆ ಸರಿ. ಇಲ್ಲದಿದ್ದರೆ ಆ ತೂತು ಪುಸ್ತಕದೊಳಗೇ ಹೋಗುತ್ತದೆ, ಬರೆಯುವವನು ಒಂದು ಪದವನ್ನು ಅದರ ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಬರೆದು ಮುಂದೆ ಸಾಗುತ್ತಾನೆ. ಹಳೆಯ ಹಸ್ತಪ್ರತಿಗಳ ಚಿತ್ರ ನೋಡುವಾಗ ಇಂಥ ತೂತನ್ನೇ ಹುಡುಕು. ಅಷ್ಟು ಚಿನ್ನದ ಅಕ್ಷರಗಳಿಗಿಂತ ಆ ಒಂದು ತೂತು ನನಗೆ ಹೆಚ್ಚು ಹೇಳುತ್ತದೆ.

ಇಲ್ಲಿ ಹದ ಮಾಡುವ ತೊಗಟೆಯ ರಸ ಇಲ್ಲವೇ ಇಲ್ಲ ಎಂಬುದನ್ನು ಗಮನಿಸು. ಚಪ್ಪಲಿಯ ಚರ್ಮಕ್ಕೂ ಇದಕ್ಕೂ ಅದೇ ವ್ಯತ್ಯಾಸ. ಎಳೆತದಲ್ಲೇ ಒಣಗುವುದರಿಂದ ನಾರುಗಳು ಒಂದೇ ಮಟ್ಟಕ್ಕೆ ಮಲಗಿ ಹಾಳೆಯಾಗುತ್ತದೆ. ತೇವ ತಾಗಿದರೆ ಮತ್ತೆ ಮುರುಟಲು ನೋಡುತ್ತದೆ. ಹಳೆಯ ಪುಸ್ತಕಗಳಿಗೆ ಮರದ ರಟ್ಟು, ಲೋಹದ ಕೊಂಡಿ ಇರುವುದು ಅಂದಕ್ಕಲ್ಲ, ಹಾಳೆಗಳನ್ನು ಅದುಮಿ ಹಿಡಿಯಲು.

ಕೂದಲಿದ್ದ ಮಗ್ಗುಲು ತುಸು ಹಳದಿ, ಒಳಮಗ್ಗುಲು ಬಿಳಿ. ನಾಲ್ಕು ದೊಡ್ಡ ಹಾಳೆಗಳನ್ನು ಮಡಚಿ 16 ಪುಟದ ಕಂತೆ ಮಾಡುವಾಗ ಹಳದಿಗೆ ಹಳದಿ, ಬಿಳಿಗೆ ಬಿಳಿ ಎದುರಾಗುವಂತೆ ಜೋಡಿಸುತ್ತಿದ್ದರು. ತೆರೆದ ಎರಡು ಪುಟ ಒಂದೇ ಬಣ್ಣ ಕಾಣಬೇಕಲ್ಲ. ಪ್ಯೂಮಿಸ್ ಎಂಬ ಹಗುರವಾದ ಒರಟು ಕಲ್ಲಿನಿಂದ ಉಜ್ಜಿ, ಸೀಮೆಸುಣ್ಣದ ಪುಡಿ ಸವರಿ, ಅಂಚಿನಲ್ಲಿ ದಬ್ಬಳದಿಂದ ಚುಕ್ಕಿ ಚುಚ್ಚಿ ಗೆರೆ ಎಳೆದರೆ ಬರೆಯಲು ಸಿದ್ಧ.

ಶಾಯಿಯ ಸಾಮಾನು ನಿನಗೆ ಗೊತ್ತಿರುವಂಥದೇ. ಬಾಣಂತಿ ಮದ್ದಿಗೆಂದು ಗ್ರಂಧಿಗೆ ಅಂಗಡಿಯಿಂದ ತರುವ ಮಾಚಿಕಾಯಿ ಇದೆಯಲ್ಲ, ಅದು ಕಾಯಲ್ಲ; ಓಕ್ ಮರದಲ್ಲಿ ಪುಟ್ಟ ಕಣಜವೊಂದು ಮೊಟ್ಟೆಯಿಟ್ಟ ಕಡೆ ಏಳುವ ಗಂಟು. ಯುರೋಪಿನ ಓಕ್‌ಗಳಲ್ಲೂ ಅಂಥ ಗಂಟುಗಳಾಗುತ್ತವೆ. ಹುಳು ಕೊರೆದು ಹೊರಬೀಳುವ ಮೊದಲೇ ಕಿತ್ತದ್ದರಲ್ಲಿ ಒಗರು ಹೆಚ್ಚು. ಅದನ್ನು ಜಜ್ಜಿ ಮಳೆನೀರಿನಲ್ಲೋ ವೈನಿನಲ್ಲೋ ಕೆಲವು ದಿನ ನೆನೆಹಾಕಿ, ಸೋಸಿ, ಅನ್ನಭೇದಿ ಎಂಬ ಕಬ್ಬಿಣದ ಲವಣ ಬೆರೆಸಿ, ಜಾಲಿ ಜಾತಿಯ ಮರದ ಅಂಟು ಕರಗಿಸಬೇಕು. ತೂಕದಲ್ಲಿ ಮಾಚಿಕಾಯಿ 3, ಅನ್ನಭೇದಿ 2, ಅಂಟು 1, ನೀರು 30 ಎಂಬುದು ಮುಂದೆ ರೂಢಿಗೆ ಬಂದ ಅಳತೆ. ಬರೆದಾಗ ಮಾಸಲು ಬೂದು. ಗಾಳಿ ತಾಗುತ್ತ ತಾಗುತ್ತ ಕಪ್ಪಾಗುತ್ತದೆ. ನಮ್ಮ ಓಲೆಗರಿಯಲ್ಲಿ ಕಂಟವೆಂಬ ಲೋಹದ ಮೊನೆಯಿಂದ ಕೊರೆದ ಗೀರಿನಲ್ಲಿ ಮಸಿ ಕೂರುತ್ತದೆ. ಚರ್ಮದ ಮೇಲೆ ಬರೀ ಮಸಿ ಬಳಿದರೆ ಒದ್ದೆ ಬಟ್ಟೆಗೆ ಎದ್ದುಬರುತ್ತದೆ. ಈ ಶಾಯಿ ಚರ್ಮವನ್ನೇ ಕಚ್ಚುತ್ತದೆ, ಅಳಿಸಬೇಕೆಂದರೆ ಚಾಕುವಿನಿಂದ ಹೆರೆಯಲೇಬೇಕು. ಅನ್ನಭೇದಿ ಹೆಚ್ಚಾದರೆ ಮಾತ್ರ ಕಚ್ಚುವುದು ನಿಲ್ಲುವುದೇ ಇಲ್ಲ: ಕೆಲವು ಶತಮಾನಗಳಲ್ಲಿ ಅಕ್ಷರವಿದ್ದ ಜಾಗ ಅಕ್ಷರದ ಆಕಾರದಲ್ಲೇ ಉದುರುತ್ತದೆ.

ಬರೆಯುವವನ ಬಲಗೈಯಲ್ಲಿ ಹೆಬ್ಬಾತಿನ ಗರಿ, ಎಡಗೈಯಲ್ಲಿ ಚಾಕು. ಏಳಲು ನೋಡುವ ಹಾಳೆಯನ್ನು ಒತ್ತಿಹಿಡಿಯುವುದು, ತಪ್ಪು ಹೆರೆಯುವುದು, ಗರಿಯ ಮೊನೆ ಸವೆದರೆ ಕೆತ್ತುವುದು ಎಲ್ಲ ಆ ಚಾಕುವಿನ ಕೆಲಸವೇ. ಹೆಚ್ಚು ಕಾಡುತ್ತಿದ್ದ ತಪ್ಪೆಂದರೆ ಕಣ್ಣಿನದು. ಒಂದೇ ಪದದಿಂದ ಮುಗಿಯುವ ಎರಡು ಸಾಲಿದ್ದರೆ, ಮೂಲಕ್ಕೆ ಮರಳಿದ ಕಣ್ಣು ಎರಡನೆಯದರ ಮೇಲೆ ಬೀಳುತ್ತದೆ, ನಡುವಿನದೆಲ್ಲ ಬಿಟ್ಟುಹೋಗುತ್ತದೆ. ಇನ್ನು ಚಳಿ. 764ರಲ್ಲಿ ವೇರ್‌ಮೌತ್-ಜಾರೋದ ಮಠಾಧಿಪತಿ ಕತ್‌ಬರ್ಟ್ ಜರ್ಮನಿಯಲ್ಲಿದ್ದ ಬಿಷಪ್ ಲುಲ್‌ಗೆ ಕಾಗದ ಬರೆದು, ಹೋದ ಚಳಿಗಾಲದ ಹಿಮ, ಗಾಳಿ, ಮಳೆಗೆ ಲಿಪಿಕಾರನ ಕೈ ನಡೆಯಲಿಲ್ಲ, ಅದಕ್ಕೇ ಹೆಚ್ಚು ಪುಸ್ತಕ ಕಳಿಸಲಾಗಲಿಲ್ಲ ಎಂದು ತಿಳಿಸಿದ. ಮುಂದೆ ಸಿಸ್ಟರ್ಸಿಯನ್ ಎಂಬ ಸನ್ಯಾಸಿ ಪಂಥದ ಮಠಗಳಲ್ಲಿ ಶಾಯಿ ಕರಗಿಸಲು, ಹಾಳೆ ಒಣಗಿಸಲು ಲಿಪಿಕಾರರು ಅಡುಗೆಮನೆಗೆ ಹೋಗಬಹುದೆಂದು ನಿಯಮದಲ್ಲೇ ಬರೆದಿಟ್ಟರು.

ಮಾತಾಡುವಂತಿಲ್ಲದ ಹೊತ್ತಿನಲ್ಲಿ ಪುಸ್ತಕ ಬೇಕಾದರೆ? ಫ್ರಾನ್ಸಿನ ಕ್ಲೂನಿ ಮಠದಲ್ಲಿ ಕೈಚಾಚಿ ಹಾಳೆ ಮಗುಚುವಂತೆ ಆಡಿಸಿದರೆ ಪುಸ್ತಕ ಎಂದರ್ಥ. ಕ್ರೈಸ್ತರಲ್ಲದ ಹಳಬರ ಗ್ರಂಥವಾದರೆ ಅದರ ಜೊತೆಗೆ ನಾಯಿಯ ಹಾಗೆ ಬೆರಳಿನಿಂದ ಕಿವಿ ಕೆರೆದುಕೊಳ್ಳಬೇಕು. ಹೀಗೆ ಕಿವಿ ಕೆರೆದುಕೊಂಡಾದರೂ ಅವರು ಆ ಗ್ರಂಥಗಳನ್ನು ಕೇಳಿ ಪಡೆದು ಓದಿದರು.

ಇಷ್ಟು ಪಾಡುಪಟ್ಟು ಮಾಡಿದ್ದನ್ನು ಅವರು ಹಂಚಿಕೊಳ್ಳುತ್ತಿದ್ದ ರೀತಿ ಕೇಳು. 11ನೇ ಶತಮಾನದಲ್ಲಿ ಇಂಗ್ಲೆಂಡಿನ ಕ್ಯಾಂಟರ್ಬರಿಯಲ್ಲಿ ಆರ್ಚ್‌ಬಿಷಪ್ ಲ್ಯಾನ್‌ಫ್ರಾಂಕ್ ಮಾಡಿದ ಕಟ್ಟಳೆಯಂತೆ, ತಪಸ್ಸುಕಾಲದ ಮೊದಲ ಭಾನುವಾರದ ಮಾರನೆಯ ದಿನ ಸಭಾಮಂದಿರದಲ್ಲಿ ಜಮಖಾನೆ ಹಾಸಿ, ಓದಲು ಕೊಟ್ಟಿರುವವನ್ನು ಬಿಟ್ಟು ಉಳಿದ ಪುಸ್ತಕಗಳನ್ನೆಲ್ಲ ಇಡುತ್ತಾರೆ. ಹೋದ ವರ್ಷ ಯಾರು ಯಾವುದನ್ನು ಒಯ್ದರೆಂಬ ಪಟ್ಟಿಯನ್ನು ಗ್ರಂಥಪಾಲಕ ಓದುತ್ತಾನೆ. ಹೆಸರು ಬಂದವನು ತನ್ನ ಪುಸ್ತಕ ಒಪ್ಪಿಸಬೇಕು. ಪೂರ್ತಿ ಓದಿರದವನು ಎಲ್ಲರೆದುರು ಸಾಷ್ಟಾಂಗ ಬಿದ್ದು ತಪ್ಪೊಪ್ಪಿಕೊಳ್ಳಬೇಕು. ಆಮೇಲೆ ಪ್ರತಿಯೊಬ್ಬನ ಕೈಗೂ ಮುಂದಿನ ವರ್ಷಕ್ಕೆಂದು ಇನ್ನೊಂದು ಪುಸ್ತಕ ಕೊಡುತ್ತಾರೆ.

ಇತಿ,
ನಿನ್ನ ಗೆಳೆಯ