ಬಿಸಿಲಿನ ಅಂಗಳಕ್ಕೆ ಪಾಮ್: ತರುವ ಮುಂಚೆ ಓದಿ

ಎಲ್ಲರಿಗೂ ನಮಸ್ಕಾರ. ಯಾವ ಪಾಮ್ ತರೋಣ ಅಂತ ನಮ್ಮ ಗುಂಪಿನಲ್ಲಿ ಸುಮಾರು ಜನ ಕೇಳುತ್ತಿದ್ದೀರಿ. ದಿನವಿಡೀ ಬಿಸಿಲು ಬೀಳುವ ಜಾಗಕ್ಕೆ ನನ್ನ ಓಟು ಫಾಕ್ಸ್‌ಟೇಲ್ ಪಾಮ್‌ಗೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಮೂಲದ್ದು, ನಮ್ಮ ಬಿಸಿಲಿಗೆ ಜಗ್ಗುವುದಿಲ್ಲ. ಜಾಗ ಕಡಿಮೆಯಿದ್ದರೆ ಬಾಟಲ್ ಪಾಮ್. ಆದರೆ ಅದು ತುಂಬಾ ನಿಧಾನ, ಅವಸರದವರಿಗಲ್ಲ. ನರ್ಸರಿಯ ನೆರಳಲ್ಲಿ ಬೆಳೆದ ಅರೆಕಾ ಪಾಮ್ ಅನ್ನು ತಂದ ದಿನವೇ ಬಿಸಿಲಿಗೆ ಇಡಬೇಡಿ, ಗರಿ ಸುಟ್ಟುಹೋಗುತ್ತದೆ. ಎರಡು ಮೂರು ವಾರ ಸ್ವಲ್ಪ ಸ್ವಲ್ಪವೇ ಒಗ್ಗಿಸಿ.

ಬುಡದಲ್ಲಿ ನೀರು ನಿಲ್ಲಬಾರದು. ಚೆಂದ ಕಾಣಲಿ ಅಂತ ಹಸಿರು ಗರಿ ಸವರಬೇಡಿ, ಪೂರ್ತಿ ಒಣಗಿದ್ದನ್ನು ಮಾತ್ರ ತೆಗೆಯಿರಿ. ಹಳೆ ಗರಿಯ ಅಂಚು ಹಳದಿ, ನಡುವೆ ಹಸಿರು ಇದ್ದರೆ ಸಾಮಾನ್ಯವಾಗಿ ಮೆಗ್ನೀಷಿಯಂ ಕೊರತೆ. ಸುಮ್ನೆ ನೀರು ಜಾಸ್ತಿ ಹಾಕಿ ಪ್ರಯೋಜನವಿಲ್ಲ.

ಮುಖ್ಯವಾಗಿ ಸುಳಿ, ಅಂದರೆ ತುದಿಯಲ್ಲಿ ಹೊಸ ಗರಿ ಹುಟ್ಟುವ ಜಾಗ, ನೋಡುತ್ತಿರಿ. ಒಂಟಿ ಕಾಂಡದ ಪಾಮ್‌ನಲ್ಲಿ ಸುಳಿ ಹೋದರೆ ಮರವೇ ಹೋಯಿತು. ಬಿಚ್ಚಿದ ಹೊಸ ಗರಿ ಕತ್ತರಿ ಆಡಿಸಿದಂತೆ ‘ವಿ’ ಆಕಾರದಲ್ಲಿ ತುಂಡಾಗಿದೆಯಾ? ಅದು ಕುರುವಾಯಿ ದುಂಬಿಯ (ಕೊಂಬಿರುವ ರೈನೋಸರಸ್ ದುಂಬಿ) ಕೆಲಸ, ತೆಂಗಿನ ತೋಟದವರಿಗೆ ಗೊತ್ತೇ ಇರುತ್ತದೆ ಅಲ್ವಾ. ಇದು ಮೊಟ್ಟೆಯಿಡುವುದು ಗೊಬ್ಬರದ ಗುಂಡಿಯಲ್ಲಿ. ಗುಂಡಿ ಕೆದಕಿ, ಅದರ ಮರಿಗಳಾದ ದಪ್ಪ ಬಿಳಿ ಹುಳು ಸಿಕ್ಕರೆ ಆರಿಸಿ ಕೊಲ್ಲಿ.

ಗುಂಪಿಗೆ ಫೋಟೋ ಹಾಕುವವರು ಇಡೀ ಗಿಡದ್ದೊಂದು, ಸುಳಿಯದ್ದೊಂದು ಹಾಕಿ.