ಮುಚ್ಚಳಿಕೆ ಬರೆಸಿಕೊಳ್ಳುವ ಮುನ್ನ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದ.

ನಾವೆಲ್ಲ ಕ್ಷೇಮ. ನೀನು ತಹಶೀಲ್ದಾರ್ ಕುರ್ಚಿಯಲ್ಲಿ ಕೂತ ಫೋಟೊವನ್ನು ನಿನ್ನ ದೊಡ್ಡಮ್ಮ ಬೀದಿಗೆಲ್ಲ ತೋರಿಸಿ ಬಂದಳು. ಮೊನ್ನೆ ಫೋನಿನಲ್ಲಿ, "ಬಂದ ವಾರವೇ ಹತ್ತು ಜನರಿಂದ ಮುಚ್ಚಳಿಕೆ ಬರೆಸಿಕೊಂಡೆ ದೊಡ್ಡಪ್ಪ" ಎಂದೆಯಲ್ಲ. ಯಾರು, ಯಾಕೆ ಎಂದು ಕೇಳಿದರೆ, "ಪೊಲೀಸರು ಕಳಿಸಿದ್ದರು" ಎಂದೆ. ಅದು ತಲೆ ಕೊರೆಯುತ್ತಿದೆ.

ಕೋರ್ಟಿನಲ್ಲಿ ಶಿರಸ್ತೇದಾರನಾಗಿ ಸವೆದವನು ನಾನು. ಹಳೆಯ ಕ್ರಿಮಿನಲ್ ಪ್ರೊಸೀಜರ್ ಕೋಡಿನ ಸೆಕ್ಷನ್ ಹಿಡಿದು ನಾವು ಇದನ್ನು 107 ಕೇಸು ಅನ್ನುತ್ತಿದ್ದೆವು, ಹೊಸ ಕಾಯಿದೆಯಲ್ಲಿ ನಿಮಗೆ ಈಗ ಅದು ಸೆಕ್ಷನ್ 126. ಹೊಡೆದಾಟ ಆಗುವ ಮೊದಲೇ ಕರೆದು, ಗಲಾಟೆ ಮಾಡುವುದಿಲ್ಲ ಎಂದು ಬರೆಸಿಕೊಳ್ಳುವ ಈ ಪದ್ಧತಿಯ ಬೇರು ಇಂಗ್ಲೆಂಡಿನ 1361ರ ಕಾಯಿದೆಯಲ್ಲಿದೆ. ರಿಟೈರ್ ಆದಮೇಲೆ ಸುಮ್ನೆ ಕೂರಲಾಗದೆ ಅದರ ಬಗ್ಗೆ ಓದುತ್ತಿದ್ದಾಗ ವಿಲಿಯಂ ಲ್ಯಾಂಬಾರ್ಡ್ ಸಿಕ್ಕಿದ.

ಒಂದನೇ ಎಲಿಜಬೆತ್ ರಾಣಿಯ ಕಾಲದವನು, ಕೆಂಟ್ ಜಿಲ್ಲೆಯ ಜಮೀನುದಾರ. ಅಪ್ಪ ಲಂಡನ್ನಿನ ಬಟ್ಟೆ ವ್ಯಾಪಾರಿ. 1554ರಲ್ಲಿ ಅಪ್ಪ ತೀರಿಕೊಂಡಾಗ ಇವನಿಗೆ 17 ವರ್ಷ, ಗ್ರೀನಿಚ್‌ನ ಜಮೀನು ಕೈಗೆ ಬಂತು. ಕಾನೂನು ಓದಿದ. 1576ರಲ್ಲಿ ತನ್ನ ಜಿಲ್ಲೆಯ ಚರಿತ್ರೆ ಅಚ್ಚು ಹಾಕಿಸಿದ. 1579ರಲ್ಲಿ ಮ್ಯಾಜಿಸ್ಟ್ರೇಟ್ ಆದ. ಅವರಿಗೆ ಸಂಬಳ ಇಲ್ಲ ಮಾರಾಯ್ತಿ! ವರ್ಷಕ್ಕೆ ನಾಲ್ಕು ಸಲ ನಡೆಯುವ ಸೆಷನ್ಸ್‌ನಲ್ಲಿ ಕೂತರೆ ದಿನಕ್ಕೆ 4 ಶಿಲ್ಲಿಂಗ್ ಭತ್ಯೆ, ಅಷ್ಟೆ. ಕೆಲಸ ಮಾತ್ರ ಬೆಟ್ಟದಷ್ಟು. ಮ್ಯಾಜಿಸ್ಟ್ರೇಟರಿಗೆಂದು ಅವನೇ ಬರೆದ ಕೈಪಿಡಿಯಲ್ಲಿ, ನಮ್ಮ ಬೆನ್ನ ಮೇಲೆ ಕಾಯಿದೆಗಳ ಹೊರೆಯಲ್ಲ, ಬಣವೆಯನ್ನೇ ಹೇರಿದ್ದಾರೆ ಎಂದು ಗೊಣಗಿದ್ದಾನೆ. ನಿನ್ನ ಮೇಜಿನ ಫೈಲು ನೆನಪಾಯಿತು.

ನನಗೆ ಹಿಡಿಸಿದ್ದು ಅವನ ದಿನಚರಿ. 1580ರಿಂದ 1588ರವರೆಗೆ ಬರೆದಿದ್ದಾನೆ. ಯಾರಿಂದ ಶಾಂತಿಯ ಮುಚ್ಚಳಿಕೆ ತೆಗೆದುಕೊಂಡೆ, ಯಾರ ಹೆಂಡದಂಗಡಿಗೆ ಲೈಸೆನ್ಸ್ ಕೊಟ್ಟೆ, ಮದುವೆಯಾಗದೆ ಹೆತ್ತವಳನ್ನು ಯಾವಾಗ ವಿಚಾರಿಸಿದೆ, ಎಲ್ಲ ಚುಟುಕಾಗಿ. ಆ ಕೊನೆಯ ವಿಚಾರಣೆ ಕರುಣೆಯಿಂದಲ್ಲ, ಮಗುವಿನ ಖರ್ಚು ಊರಿನ ತಲೆಗೆ ಬರದಿರಲಿ ಎಂದು. ಆದರೂ ಬರೆದಿಟ್ಟ. ಹಾಗಾಗಿಯೇ ನಾಲ್ಕು ನೂರು ವರ್ಷ ಕಳೆದರೂ ಅವನ ತಪ್ಪನ್ನು ನಾವು ಹಿಡಿಯಬಹುದು.

ಅವನನ್ನು ದೇವರು ಮಾಡಬೇಡ. 1576ರಲ್ಲಿ ಗ್ರೀನಿಚ್‌ನಲ್ಲಿ ಇಪ್ಪತ್ತು ಬಡವರಿಗೆ ತನ್ನ ದುಡ್ಡಿನಿಂದ ಆಶ್ರಯ ಕಟ್ಟಿಸಿದ, ಆ ಸಂಸ್ಥೆ ಇವತ್ತಿಗೂ ಇದೆ. ಆದರೆ ಕೆಲಸವಿಲ್ಲದೆ ಅಲೆಯುವವರಿಗೆ ಛಡಿಯೇಟು ಕೊಟ್ಟು, ಬಲಗಿವಿಗೆ ಕಾದ ಕಬ್ಬಿಣ ಚುಚ್ಚಬೇಕೆಂದು 1572ರ ಕಾಯಿದೆ ಹೇಳುತ್ತಿತ್ತು. ಆ ಶಿಕ್ಷೆ ಕೊಡುವ ಪೀಠದಲ್ಲೂ ಕೂತವನು ಇವನೇ. ಅನ್ನ ಇಟ್ಟ ಕೈ, ಬರೆ ಎಳೆಸಿದ ಕೈ, ಎರಡೂ ಒಂದೇ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಕಾಲದಲ್ಲಿ ಒಬ್ಬ ಕೂಲಿಯವ ಮುಚ್ಚಳಿಕೆಗೆಂದು ಎಂಟು ವಾಯಿದೆ ಓಡಾಡಿದ. ಅಷ್ಟೂ ದಿನದ ಕೂಲಿ ಹೋಯಿತು. ಅವನನ್ನು ಯಾಕೆ ಕರೆಸಿದ್ದೇವೆ ಎಂದು ನಾನೂ ಫೈಲು ತೆರೆದು ನೋಡಲಿಲ್ಲ.

ಮನೆಯಲ್ಲಿ ಲ್ಯಾಂಬಾರ್ಡ್‌ನಿಗೆ ಸುಖ ಜಾಸ್ತಿ ದಿನ ನಿಲ್ಲಲಿಲ್ಲ. 1570ರಲ್ಲಿ ಜೇನ್ ಮುಲ್ಟನ್ ಎಂಬ ಹುಡುಗಿಯನ್ನು ಮದುವೆಯಾದ. ಮೂರೇ ವರ್ಷಕ್ಕೆ ಸಿಡುಬು ಅವಳನ್ನು ಕೊಂಡೊಯ್ದಿತು. ಹತ್ತು ವರ್ಷದ ಮೇಲೆ ಸಿಲ್ವೆಸ್ಟರ್ ಎಂಬ ವಿಧವೆಯ ಕೈ ಹಿಡಿದು, ಮೆಡ್ವೇ ನದಿ ದಂಡೆಯ ಹ್ಯಾಲಿಂಗ್‌ನಲ್ಲಿ ಸಂಸಾರ ಹೂಡಿದ. ಅವಳಲ್ಲಿ ಹುಟ್ಟಿದ ಮಗನಿಗೆ ಇಟ್ಟ ಹೆಸರೇನು ಗೊತ್ತಾ? ಮುಲ್ಟನ್. ಮೊದಲ ಹೆಂಡತಿಯ ತವರಿನ ಹೆಸರು! ಸಿಲ್ವೆಸ್ಟರ್ ಒಪ್ಪಿದಳೋ, ಅವಳನ್ನು ಯಾರೂ ಕೇಳಲೇ ಇಲ್ಲವೋ. 1587ರಲ್ಲಿ ಚಿಕ್ಕ ಮಕ್ಕಳನ್ನು ಬಿಟ್ಟು ಅವಳೂ ಹೋದಳು. ದಿನಚರಿ ಮರುವರ್ಷವೇ ನಿಲ್ಲುತ್ತದೆ. ಕಾರಣ ಅದೇ ಇರಬೇಕೆಂದೇನಿಲ್ಲ, ಆದರೆ ನನ್ನ ಮನಸ್ಸು ಅಲ್ಲಿಗೇ ಹೋಗುತ್ತದೆ.

ನೀನೂ ಒಂದು ಪುಸ್ತಕ ಇಡು. ಸರ್ಕಾರಿ ರಿಜಿಸ್ಟರ್ ಅಲ್ಲ, ನಿನ್ನದೇ. ಕರೆಸಿದವನ ಹೆಸರು, ಯಾಕೆ ಕರೆಸಿದೆ, ಅವನೇನು ಹೇಳಿದ, ಎಷ್ಟು ದೂರದಿಂದ ಬಂದ. "ಪೊಲೀಸರು ಕಳಿಸಿದ್ದರು" ಎಂದಷ್ಟೇ ಬರೆಯಲು ಕೈ ಬಂದ ದಿನ ಸಹಿ ಹಾಕಬೇಡ, ಇನ್ನೊಂದು ಸಲ ವಿಚಾರಿಸು. ಮೊದಲು ಆ ಹತ್ತು ಜನರ ಫೈಲು ತೆರೆಸಿ ನೋಡು.

ಗಟ್ಟಿ ರಟ್ಟಿನ ನೋಟ್‌ಬುಕ್ ಒಂದನ್ನು ಬಸ್ಸಿನಲ್ಲಿ ಕಳಿಸಿದ್ದೇನೆ. ಜೊತೆಗೆ ಚಟ್ನಿಪುಡಿ ಇದೆ. ಡಬ್ಬಿ ವಾಪಸ್ ಬೇಕಂತೆ, ದೊಡ್ಡಮ್ಮ ಎರಡು ಸಲ ಹೇಳಿದ್ದಾಳೆ.

ನಿನ್ನ ದೊಡ್ಡಪ್ಪ